ನಾನಕಟಾಯಿ ಭಟ್ಟಿಯ ಟಕ್ ಸಾಹೇಬರಿಗೆ, ನಿಂತುಹೋದ ಲಗ್ನದ ಬಗ್ಗೆ

ದಾಂಡೇಲಿ,
ತಾ. ೧೨–೨–೧೯೬೫

ಶ್ರೀಮಾನ್ ಟಕ್ ಸಾಹೇಬರು,
ಉರಿ ನಿಯಂತ್ರಣದ ಮುಖ್ಯ ಅಧಿಕಾರಿಗಳು,
ಕರೆಂಟಿನ ಭಟ್ಟಿ, ಪರಸಪ್ಪನ ಅಡುಗೆಮನೆ, ಇವರ ಸನ್ನಿಧಿಗೆ.

ಮಾನ್ಯರೇ,

ನೆಂಟರಿಷ್ಟರಿಗೆ ಕಾಗದ ಬರೆಯಲು ಕುಳಿತಾಗ ಮೊದಲು ಎರಡು ಸಾಲು ಕ್ಷೇಮ ವಿಚಾರಿಸಿ, ಮಳೆ ಬೆಳೆ ಕೇಳಿ, ಆಮೇಲೆ ಜಗಳಕ್ಕೆ ಇಳಿಯುವುದು ನನ್ನ ಹಳೆಯ ರೂಢಿ. ತಾವಾದರೋ ನಾನು ಕುಳಿತಿರುವ ಈ ಚಾಪೆಯಿಂದ ಮೂರೇ ಮೊಳ ದೂರದಲ್ಲಿ, ಗೋಡೆಗೆ ಒರಗಿ ಬಿಜಯಮಾಡಿಸಿದ್ದೀರಿ. ಒಂದು ಬೆರಳು ತಾಗಿಸಿದರೆ ಸಾಕು, ತಮ್ಮ ಕ್ಷೇಮ ನನ್ನ ಬೆರಳ ತುದಿಯಲ್ಲಿ ಬೊಬ್ಬೆಯಾಗಿ ಏಳುತ್ತದೆ. ಆದ್ದರಿಂದ ಆ ಎರಡು ಸಾಲು ಮಸಿಯನ್ನು ಉಳಿಸಿ ನೇರವಾಗಿ ದೂರಿಗೇ ಬರುತ್ತೇನೆ. ಎದುರಿಗೆ ಕುಳಿತವರಿಗೆ ಕಾಗದವೇಕೆ ಎಂದು ತಾವು ಕೇಳಬಹುದು. ಬಾಯಿಯಿಂದ ಹೇಳಹೊರಟರೆ ತಾವು ನಡುವೆ ಬಾಯಿ ಹಾಕುತ್ತೀರಿ, ಮತ್ತು ತಮ್ಮ ಆ ನಡುವೆ ಬಾಯಿ ಹಾಕುವ ಗುಣವೇ ಈ ದೂರಿಗೆ ಕಾರಣ. ಕಾಗದದ ಒಂದು ಪ್ರತಿಯನ್ನು ತಮ್ಮ ತಲೆಯ ಮೇಲಿನ ಗೋಡೆಗೆ ಅಂಟಿಸುತ್ತೇನೆ. ಇನ್ನೊಂದು ಬೈಲಹೊಂಗಲದ ನನ್ನ ತಮ್ಮನಿಗೆ ಹೋಗುತ್ತದೆ. ಅವನ ಮಗಳ ಲಗ್ನವನ್ನೇ ತಾವು ಒಂದು ಚಿಟಿಕೆಯಲ್ಲಿ ನಿಲ್ಲಿಸಿದ್ದರಿಂದ ಪೂರ್ತಿ ಸಂಗತಿ ತಿಳಿಯುವ ಹಕ್ಕು ಅವನಿಗೂ ಉಂಟು.

ನನ್ನ ಪರಿಚಯ ತಮಗೆ ಬೇಕಿಲ್ಲವಾದರೂ ದೂರು ಕೊಡುವವನು ತನ್ನ ಹೆಸರು ಕಸುಬು ಬರೆಯಬೇಕಾದ್ದು ಶಿಸ್ತು. ನಾನು ಪರಸಪ್ಪ, ನಾಲ್ಕನೆಯ ಇಯತ್ತೆಯವರೆಗೆ ಓದಿದವನು, ಕಾಗದದ ಗಿರಣಿಗೆ ಬಿದಿರು ಇಳಿಸಲೆಂದು ಬಂದವನು. ವಾಯರಮನ್‌ಗಳ ಹಿಂದೆ ಏಣಿ ಹೊತ್ತು ಹೊತ್ತು ಕರೆಂಟಿನ ಕೆಲಸ ಕಲಿತೆ. ಯಾರೂ ಕಲಿಸಲಿಲ್ಲ, ಶಾಕ್ ಹೊಡೆದಾಗಲೊಮ್ಮೆ ಒಂದು ಪಾಠ ಮುಗಿಯಿತೆಂದು ತಿಳಿದುಕೊಂಡೆ. ಹಾಗೆ ಲೆಕ್ಕ ಹಾಕಿದರೆ ನನ್ನದು ಬಹಳ ದೊಡ್ಡ ವಿದ್ಯಾಭ್ಯಾಸ.

ಇನ್ನು ತಮ್ಮ ಪೂರ್ವಾಶ್ರಮ. ಯಂತ್ರ ಜೋಡಿಸಲೆಂದು ಬಂದಿದ್ದ ವಿಲಾಯತಿ ಇಂಜಿನಿಯರ್ ಸಾಹೇಬರೊಬ್ಬರ ಅಡುಗೆಮನೆಯಲ್ಲಿ, ಬಿಳಿ ಎನಾಮಲ್ ಬಳಿದ ಕರೆಂಟಿನ ಒಲೆಯ ಹಣೆಯ ಮೇಲೆ ತಾವು ವಿರಾಜಮಾನರಾಗಿದ್ದಿರಿ. ಸಾಹೇಬರು ಊರಿಗೆ ಹೋದರು, ಒಲೆ ಇಲ್ಲೇ ಉಳಿಯಿತು. ಎರಡು ಮಳೆಗಾಲ ಹೊರಗೆ ನೆನೆದು ಅದರ ಹೊಟ್ಟೆ ತುಕ್ಕು ಹಿಡಿಯಿತು. ಯಾರದೋ ಕೋಳಿ ಒಳಗೆ ಮೊಟ್ಟೆಯಿಟ್ಟು ಮರಿಯನ್ನೂ ಮಾಡಿತು. ಕೊನೆಗೆ ಗುಜರಿ ವ್ಯಾಪಾರದ ಕಾಸಿಂಸಾಬರು ಆ ಒಲೆಯನ್ನು ಕೋಳಿಗೇ ಬಿಟ್ಟು, ಅದರ ಹಣೆಯ ಮೇಲಿನ ಸಾಮಾನನ್ನು ಮಾತ್ರ ಬಿಚ್ಚಿ ತಂದರು. ಅಂಕಿ ಅರ್ಧ ಅಳಿಸಿದ ಒಂದು ತಿರುಗುಗುಂಡಿ, ಒಂದು ಕೆಂಪು ದೀಪ, ಹಿಂದೆ ಇಲಿಯ ಬಾಲದಂಥ ಉದ್ದನೆಯ ತಾಮ್ರದ ನಳಿಗೆ. ನನ್ನ ಕೈಗೆ ಇಟ್ಟು ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಪರಸಪ್ಪ ಕಾಕಾ, ವಿಲಾಯತಿ ಮಾಲ ಐತಿ. ಏನ ಮಾಡತೈತಿ ನನಗ ಗೊತ್ತಿಲ್ಲ. ಆದ್ರ ಮಾಡೂದು ಚಲೋನ ಮಾಡತೈತಿ." ಯಾವ ಅಧಿಕಾರಿಗೂ ಇಂಥ ಶಿಫಾರಸು ಸಿಕ್ಕಿರಲಾರದು.

ಅಂಥ ತಮಗೆ ತಕ್ಕ ಅರಮನೆ ಕಟ್ಟಿಸುವುದು ನನ್ನ ಪಾಲಿಗೆ ಬಂತು. ಹೊರಗಿನ ಗೋಡೆಗೆ ನನ್ನ ಹೆಂಡತಿ ಸಕ್ಕುಬಾಯಿಯ ತವರಿನ ಕಬ್ಬಿಣದ ಟ್ರಂಕು, ಒಳಗಿನ ಗೋಡೆಗೆ ಸೀಮೆಎಣ್ಣೆಯ ಡಬ್ಬಿ ಸೀಳಿ ಬಡಿದ ತಗಡು, ಎರಡರ ನಡುವೆ ಕಾವು ಹೊರಬೀಳದಂತೆ ಭತ್ತದ ಹೊಟ್ಟಿನ ಬೂದಿ, ತಳದಲ್ಲಿ ಹಳೆಯ ಕರೆಂಟಿನ ಒಲೆಗಳಿಂದ ಆಯ್ದ ಸುರುಳಿ ತಂತಿ. ಟ್ರಂಕಿಗೆ ಕೈ ಹಾಕಿದ ದಿನ ಸಕ್ಕುಬಾಯಿ, "ಅದಕ್ಕ ತೂತ ಹೊಡೀತೀರಿ? ಹೊಡೀರಿ. ಅದ ಮೊಳಿ ತಗೊಂಡ ನಿಮ್ಮ ತಲಿಗೂ ಹೊಡೀತೇನಿ" ಎಂದಳು. ತೂತು ಹೊಡೆದೆ. ಆಕೆ ಮಾತಿಗೆ ತಪ್ಪಿದಳೆಂಬುದಕ್ಕೆ ನನ್ನ ತಲೆಯೇ ಸಾಕ್ಷಿ.

ಮೊದಲ ದಿನ ತಮ್ಮ ಬಾಲದ ಮಹಿಮೆ ತಿಳಿಯದೆ ಅದನ್ನು ರೇಡಿಯೋದ ಏರಿಯಲ್ ಇರಬಹುದೆಂದು ಭಾವಿಸಿ ಕಿಟಕಿಯಿಂದ ಹೊರಗೆ ಬಿಟ್ಟಿದ್ದೆ. ಒಳಗೆ ರೊಟ್ಟಿ ಇದ್ದಿಲಾಗುತ್ತಿದ್ದರೂ ತಾವು ಹೊರಗಿನ ತಂಗಾಳಿಯನ್ನು ಮೂಸಿ ನೋಡಿ, ಇನ್ನೂ ಚಳಿಯಿದೆ, ಉರಿ ಸಾಲದು ಎಂದು ತೀರ್ಮಾನಿಸಿ ಇನ್ನಷ್ಟು ಕರೆಂಟು ಬಿಟ್ಟಿರಿ. ದೂರದಲ್ಲಿ ಕುಳಿತು ಇಲ್ಲಿನ ಬಿಸಿ ಅರಿಯದ ಅಧಿಕಾರಿಗಳನ್ನು ನಾನು ಕಂಡಿರುವುದರಿಂದ ಅದನ್ನು ತಪ್ಪೆಂದು ಎಣಿಸಲಿಲ್ಲ. ಮರುದಿನ ಬಾಲವನ್ನು ಒಳಗೆ ಸೇರಿಸಿದೆ. ಅಂದಿನಿಂದ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಕಾವು ಏರಿದೊಡನೆ ತಾವಾಗಿಯೇ ಟಕ್ ಎಂದು ಕರೆಂಟು ಕಡಿಯುವುದು, ಇಳಿದೊಡನೆ ಟಕ್ ಎಂದು ಮತ್ತೆ ಕೊಡುವುದು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ರಜೆಯ ಅರ್ಜಿಯಿಲ್ಲ. ಗಿರಣಿ ಕಾಲೋನಿಯ ಹೆಂಗಸರು ಮೈದಾ, ಸಕ್ಕರೆ, ಡಾಲ್ಡಾ ಕಲಸಿದ ಹಿಟ್ಟಿನ ತಾಟು ಹೊತ್ತುಕೊಂಡು ಬಂದು ನಾನಕಟಾಯಿ ಸುಟ್ಟುಕೊಂಡು ಹೋಗತೊಡಗಿದರು. ಭಟ್ಟಿಯ ಮುಂದೆ ನಿಲ್ಲುವವರು ಕಟ್ಟಿಗೆಯ ಮಣೆಯ ಮೇಲೆಯೇ ನಿಲ್ಲಬೇಕೆಂದು ಶಾಕಿನ ಭಯದಿಂದ ನಾನು ಕಾಯಿದೆ ಮಾಡಿದ್ದೆ. ಮಣೆಯ ಮೇಲೆ, ಕೈಯಲ್ಲಿ ತಾಟು ಹಿಡಿದು, ಕೆಂಪು ದೀಪದ ಮುಂದೆ ಸಾಲಾಗಿ ನಿಂತ ಹೆಂಗಸರನ್ನು ನೋಡಿದವರಿಗೆ ಒಳಗೆ ಯಾವುದೋ ದೇವರನ್ನು ಕೂರಿಸಿದ್ದಾರೆ ಅನಿಸಿದ್ದರೆ ಅದು ಅವರ ತಪ್ಪಲ್ಲ.

ಇಲ್ಲಿಂದ ತಮ್ಮ ಅಪರಾಧಗಳು ಶುರುವಾಗುತ್ತವೆ.

ತಮಗೆ ವಿಲಾಯತಿ ಹಲ್ಲಿಗಳ ಪದ್ಧತಿ ಹೇಗೋ ತಿಳಿಯದು. ನಮ್ಮ ಮನೆಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ, ಆಡಿದ ಮಾತು ಸತ್ಯವೆಂದು ಅದು ರುಜು ಹಾಕಿದಂತೆ. ಕೂಡಲೇ ಬೆರಳಿಂದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಖರೇ, ಖರೇ" ಅನ್ನಬೇಕು. ಹಲ್ಲಿ ದಿನಕ್ಕೆ ಒಂದೋ ಎರಡೋ ಸಲ ರುಜು ಹಾಕೀತು. ತಾವು ತಾಸಿಗೆ ಹತ್ತು ಸಲ ಹಾಕುತ್ತೀರಿ.

ಮೊದಲು ಬಲಿಯಾದವನು ನಾನೇ. ಸಕ್ಕುಬಾಯಿ ಒಂದು ಬೆಳಿಗ್ಗೆ ನೆರೆಮನೆಯವಳಿಗೆ, "ಈ ಮನಷ್ಯಾನ್ನ ಕಟಗೊಂಡು ಮೂವತ್ತು ವರ್ಷ ಆತವಾ, ಒಂದ ದಿನಾರ ನನ್ನ ಮಾತ ಕೇಳಿಲ್ಲ" ಎಂದು ಮುಗಿಸುವುದಕ್ಕೂ ತಾವು ಟಕ್ ಅನ್ನುವುದಕ್ಕೂ ಸರಿಹೋಯಿತು. ಆಕೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನನ್ನತ್ತ ನೋಡಿದ ನೋಟವನ್ನು ತಾವು ನೋಡಿಲ್ಲ, ತಮಗೆ ಕಣ್ಣಿಲ್ಲ. ಅದೇ ವಾರ ಪಕ್ಕದ ಮನೆಯ ಬಸಲಿಂಗಯ್ಯನವರು ಬಾಗಿಲಲ್ಲಿ ನಿಂತು, "ಈ ಲೈನಿನ್ಯಾಗ ನನ್ನಷ್ಟು ನಿಯತ್ತಿನ ಮನಷ್ಯಾ ಇನ್ನೊಬ್ಬ ಇದ್ರ ತೋರಸ್ರಿ ನೋಡೂಣು" ಎಂದಾಗಲೂ ಟಕ್. ಬಸಲಿಂಗಯ್ಯನವರು ನನ್ನ ಸ್ವಂತದ ಏಣಿಯನ್ನು ಒಯ್ದು ಎರಡು ವರ್ಷವಾಗಿದೆ. ತಮ್ಮ ರುಜು ಬಿದ್ದ ಮೇಲೆ ಅದನ್ನು ಕೇಳುವ ಬಾಯಿ ನನಗೆಲ್ಲಿಂದ ಬರಬೇಕು? ಟಕ್ ಸಾಹೇಬರೆಂಬ ಬಿರುದು ತಮಗೆ ಬಂದದ್ದೂ ಆಗಲೇ. ಹೆಂಗಸರು ಹಿಟ್ಟಿನ ತಾಟಿನ ಜೊತೆಗೆ ಒಂದೊಂದು ಮಾತನ್ನೂ ಕಟ್ಟಿಕೊಂಡು ಬರತೊಡಗಿದರು. ಒಬ್ಬಾಕೆ, "ನಮ್ಮತ್ತಿ ಮನಸನ್ಯಾಗ ಕೆಟ್ಟಾಕಿ ಅಲ್ಲ" ಎಂದು ನಾಲ್ಕು ಸಲ ಹೇಳಿ, ತಾವು ನಾಲ್ಕೂ ಸಲ ಸುಮ್ಮನಿದ್ದದ್ದನ್ನು ಕಂಡು, ಬಹಳ ಸಮಾಧಾನದಿಂದ ಮನೆಗೆ ಹೋದಳು.

ಇವೆಲ್ಲವನ್ನೂ ನಾನು ನುಂಗಿಕೊಂಡಿದ್ದೆ. ಆದರೆ ಶಿವವ್ವನ ವಿಷಯದಲ್ಲಿ ನುಂಗಲಾರೆ.

ಶಿವವ್ವ ನನ್ನ ತಮ್ಮನ ಮಗಳಾದರೂ ಏಳು ವರ್ಷದವಳಿದ್ದಾಗಿನಿಂದ ನಮ್ಮ ಮನೆಯಲ್ಲೇ ಬೆಳೆದವಳು. ಭಟ್ಟಿ ನನ್ನದು ಎಂದು ನಾನು ಹೇಳಿಕೊಂಡು ತಿರುಗಿದರೂ ತಮ್ಮ ಗುಂಡಿಯನ್ನು ಎಷ್ಟು ತಿರುಗಿಸಿದರೆ ನಾನಕಟಾಯಿ ಹೊನ್ನಿನ ಬಣ್ಣಕ್ಕೆ ಬರುತ್ತದೆಂದು ಚಿಟಿಕೆ ಹಿಟ್ಟು ಒಳಗಿಟ್ಟು, ಅದು ಕೆಂಪಗಾಗುವುದನ್ನು ನೋಡಿ ಕಂಡುಹಿಡಿದವಳು ಆಕೆ. ಗಿರಣಿಯಲ್ಲಿ ಕೆಲಸ ಮಾಡುವ ಹಳಿಯಾಳದ ಸೋಮಪ್ಪನೆಂಬ ಹುಡುಗ ಪ್ರತಿ ರವಿವಾರ ಒಂದು ಸೇರು ಹಿಟ್ಟು ತಂದು ನಾನಕಟಾಯಿ ಸುಡಿಸಿಕೊಂಡು ಹೋಗುತ್ತಿದ್ದ. ಅವನು ವಾರಕ್ಕೆ ಸೇರು ನಾನಕಟಾಯಿ ತಿನ್ನುವವನಲ್ಲವೆಂದು ಅವನ ಎದೆಗೂಡೇ ಸಾರಿ ಹೇಳುತ್ತಿತ್ತು. ಬೇರೆ ಏನೋ ಕಾರಣವಿರಬೇಕೆಂದು ನನಗೆ ಆರು ತಿಂಗಳ ಮೇಲೆ ಹೊಳೆಯಿತು, ಸಕ್ಕುಬಾಯಿಗೆ ಮೊದಲ ರವಿವಾರವೇ ಹೊಳೆದಿತ್ತಂತೆ. ಹುಡುಗ ಒಳ್ಳೆಯವನು. ಶಿವವ್ವನಿಗೂ ಮನಸ್ಸಿತ್ತು. ಉಳಿದದ್ದು ಗೋದುಬಾಯಿಯವರ ಒಪ್ಪಿಗೆ ಒಂದೇ. ಗೋದುಬಾಯಿಯವರು ಸೋಮಪ್ಪನ ಸೋದರತ್ತೆ. ತಾಯಿಯಿಲ್ಲದ ಅವನನ್ನು ಹಳಿಯಾಳದಲ್ಲಿ ಸಾಕಿ ದೊಡ್ಡವನನ್ನಾಗಿ ಮಾಡಿದವರು. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಆ ಹುಡುಗ ಜನ್ಮವಿಡೀ ನಾನಕಟಾಯಿ ತಿಂದುಕೊಂಡೇ ಇರಬೇಕು.

ಹೋದ ತಿಂಗಳು ಅವರು ಹಳಿಯಾಳದ ಬಸ್ಸಿಗೆ ಬಂದರು. ಎರಡೂ ಮನೆಯ ಪರಿಚಯವಿದ್ದ ಕಾಸಿಂಸಾಬರೂ ಬಂದು ಕುಳಿತರು. ಅಂದು ಭಟ್ಟಿ ಹಚ್ಚಬೇಡಿರೆಂದು ಸಕ್ಕುಬಾಯಿ ಎರಡು ಸಲ ಹೇಳಿದ್ದಳು. ಆಕೆಯ ಮಾತನ್ನು ನಾನು ಒಂದು ದಿನವೂ ಕೇಳಿಲ್ಲವೆಂದು ತಾವೇ ರುಜು ಹಾಕಿದ್ದೀರಲ್ಲ, ಹಚ್ಚಿದೆ. ಬಿಸಿ ನಾನಕಟಾಯಿಯನ್ನು ತಾಟಿನಲ್ಲಿ ಇಟ್ಟು, ಗೋದುಬಾಯಿಯವರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ ಶುಭ ಗಳಿಗೆಯಲ್ಲಿ ನಾನು ಎದ್ದುನಿಂತು, "ನಮ್ಮ ಶಿವವ್ವ ಕಾಲ ಇಟ್ಟ ಮನಿ ಬೆಳಗತೈತ್ರಿ" ಎಂದೆ.

ಟಕ್.

ಮಾನ್ಯರೇ, ಆ ಕ್ಷಣದಲ್ಲಿ ತಮ್ಮನ್ನು ಅಪ್ಪಿಕೊಳ್ಳಬೇಕೆನಿಸಿತು, ಸುಡುತ್ತೀರೆಂದು ಸುಮ್ಮನಾದೆ. ನಾನು, ಸಕ್ಕುಬಾಯಿ, ಬಾಗಿಲ ಹಿಂದೆ ನಿಂತ ಶಿವವ್ವ, ಕರೆಯದೆ ಬಂದಿದ್ದ ಬಸಲಿಂಗಯ್ಯನವರು, ನಾಲ್ವರೂ ಒಟ್ಟಿಗೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಖರೇ, ಖರೇ" ಎಂದು ನಕ್ಕೆವು. ತಲೆ ಎತ್ತಿ ನೋಡಿದರೆ ಗೋದುಬಾಯಿಯವರು ಬಾಯೊಳಗಿದ್ದ ನಾನಕಟಾಯಿಯನ್ನು ಅಗಿಯುವುದನ್ನೇ ನಿಲ್ಲಿಸಿದ್ದಾರೆ. "ಏ ಸೋಮ್ಯಾ, ಏಳು" ಎಂದರು. "ಯಾಕ ಆತ್ಯಾ?" ಎಂದ ಹುಡುಗ. "ಯಾಕಂತ ಕೇಳತಿ? ಪಾಲ ಚುಕಚುಕಿಸ್ತು, ಕೇಳಿಸಲಿಲ್ಲ?"

ಗೋದುಬಾಯಿಯವರ ತವರು ಬೆಳಗಾವಿಯ ಆಚೆ. ಅಲ್ಲಿ ಹಲ್ಲಿಗೆ ಪಾಲ ಎನ್ನುತ್ತಾರೆ; ಶುಭದ ಮಾತಾಡುವಾಗ ಪಾಲ ಸದ್ದು ಮಾಡಿತೆಂದರೆ ಏನೋ ಕೇಡು ಕಾದಿದೆಯೆಂದು ಅರ್ಥ, ಎದ್ದು ಹೋಗಬೇಕು. ನಮ್ಮ ಹಲ್ಲಿ ಸಾಕ್ಷಿ ಹೇಳುತ್ತದೆ, ಅವರ ಹಲ್ಲಿ ಶಾಪ ಹಾಕುತ್ತದೆ. ನಡುವೆ ಹದಿನೈದು ಹರದಾರಿ ದಾರಿ. ತಾವು ಯಾವ ಕಡೆಯ ಹಲ್ಲಿ ಎಂದು ಒಂದು ಮಾತು ಮೊದಲೇ ತಿಳಿಸಬಾರದಿತ್ತೆ?

ನಾವು ನಕ್ಕದ್ದಂತೂ ಗಾಯಕ್ಕೆ ಉಪ್ಪಾಯಿತು. "ಅಪಶಕುನಾ ಆತು ಅಂದ್ರ ಈ ಮಂದಿ ನೆಲಾ ಮುಟ್ಟಿ ಕಣ್ಣಿಗೊತ್ತಿಗೊಂಡ ನಗತಾರಲ್ಲೋ! ಎಂಥಾ ಮಂದ್ಯಾಗ ನಿನ್ನ ಕೊಡಾಕ ಬಂದಿದ್ದೆ ನಾ" ಎಂದು ಅವರು ಸೆರಗು ಕೊಡವಿ ಎದ್ದರು. ಅದು ಹಲ್ಲಿಯಲ್ಲ, ಮಷೀನು ಎಂದು ನಾನು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದೇ ತಪ್ಪಾಯಿತು. "ಹಲ್ಲಿ ಆದ್ರ ಒಮ್ಮೆ ತಪ್ಪೀತು. ಮಸೀನ ತಪ್ಪತೈತೇನು?" ಎಂದು ಕೇಳಿ ಬಾಗಿಲು ದಾಟಿದರು. ಗಿರಣಿಯ ಊರಿನಲ್ಲಿ ನಿಂತು ಮಷೀನು ತಪ್ಪುತ್ತದೆಂದು ಹೇಳುವ ಧೈರ್ಯ ಯಾರಿಗಿದೆ? ಕಾಸಿಂಸಾಬರು ನನ್ನ ಭುಜ ಮುಟ್ಟಿ, "ಕಾಕಾ, ಮಾಡೂದು ಚಲೋನ ಮಾಡತೈತಿ ಅಂದಿದ್ದೆ. ಆ ಮಾತ ವಾಪಸ ತಗೊಂಡೆ" ಎಂದು ಅವರ ಹಿಂದೆಯೇ ಹೊರಟರು.

ಅಂದಿನಿಂದ ಮನೆಯ ಸ್ಥಿತಿ ಏನೆಂದು ಹೇಳಲಿ. ಸೋಮಪ್ಪ ರವಿವಾರ ಬರುವುದನ್ನು ಬಿಟ್ಟ. ಶಿವವ್ವ ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಆಕೆ ಬಾಯಿ ಮುಚ್ಚಿ ಹಿಟ್ಟನ್ನು ಎಷ್ಟು ಬಿಗಿಯಾಗಿ ನಾದಿದಳೆಂದರೆ ಆ ವಾರದ ನಾನಕಟಾಯಿ ತಿಂದು ಬಸಲಿಂಗಯ್ಯನವರ ಒಂದು ಹಲ್ಲು ಅಲ್ಲಾಡಿತು. ಅಷ್ಟು ಮಾತ್ರ ನನಗೆ ಸಮಾಧಾನದ ಸಂಗತಿ. ತಾಳಲಾರದೆ ನಾನೇ ಒಂದು ದಿನ, "ಯವ್ವಾ, ಏನರ ಮಾತಾಡ" ಎಂದೆ. ಆಕೆ ತಮ್ಮ ಗುಂಡಿಯನ್ನೇ ನೋಡುತ್ತ, "ದೊಡ್ಡಪ್ಪಾ, ನಿಮ್ಮ ಭಟ್ಟಿ ಭಾಳ ಚಲೋ ಐತಿ. ಅದರ ಜೋಡೀನ ನನ್ನ ಲಗ್ನಾ ಮಾಡಿಬಿಡ್ರಿ" ಎಂದಳು. ಏಣಿ ಹೊತ್ತ ದಿನದಿಂದ ಶಾಕ್ ಹೊಡೆಸಿಕೊಂಡವನು ನಾನು, ಮಾನ್ಯರೇ. ಆ ಮಾತಿನಷ್ಟು ಯಾವುದೂ ಹೊಡೆದಿರಲಿಲ್ಲ.

ನಾನು ಗೋದುಬಾಯಿಯವರಿಗೆ ನಾಲ್ಕು ಪುಟದ ಕಾಗದ ಬರೆದೆ. ತಮ್ಮ ಬಾಲದೊಳಗೆ ಒಂದು ದ್ರವವಿದೆ, ಕಾವು ಏರಿದಾಗ ಅದು ಉಬ್ಬುತ್ತದೆ, ಉಬ್ಬಿ ಒಳಗಿನ ಎಲೆಯಂಥ ತಗಡನ್ನು ಒತ್ತುತ್ತದೆ, ಆಗ ಟಕ್ ಅನ್ನುತ್ತದೆ, ಇದರಲ್ಲಿ ಶಕುನವಿಲ್ಲ ಎಂದು ಚಿತ್ರ ಬರೆದು ವಿವರಿಸಿದೆ. ಕೊನೆಗೆ, ಕಾವು ಮಿತಿಮೀರುವ ಮೊದಲೇ ಎಚ್ಚರಿಸುವುದಷ್ಟೇ ಇದರ ಕೆಲಸ ಎಂದು ಒಂದು ಸಾಲು ಸೇರಿಸಿದೆ. ಕಾಸಿಂಸಾಬರು ಓದಿ ಹೇಳಿದರಂತೆ. ಅವರ ಕೈಯಲ್ಲೇ ಉತ್ತರ ಬಂತು: "ಅಂದ್ರ ಹುಡುಗಿ ಸಿಟ್ಟಿನಾಕಿ, ಹುಷಾರ ಇರ್ರಿ ಅಂತ ಮಸೀನ ಹೇಳೇತಿ. ಬರದ ತಿಳಿಸಿದ್ದು ಚಲೋ ಆತು ಅಂತ ಹೇಳ್ರಿ." ನಾಲ್ಕು ಪುಟದ ವಿಜ್ಞಾನಕ್ಕೆ ಇಷ್ಟು ಚಿಕ್ಕ ಉತ್ತರ ಸಾಕಾಯಿತು.

ಆಗಲೇ ನಾನು ತಮಗೆ ಕೆಲವು ಬಿನ್ನಹಗಳನ್ನು ಮಾಡಿಕೊಂಡದ್ದು ತಮಗೆ ನೆನಪಿರಬಹುದು. ಹೆಣ್ಣು ನೋಡುವ ದಿನ ತಾವು ಅರ್ಧ ದಿನದ ರಜೆ ಪಡೆಯಬೇಕು, ಬೈಲಹೊಂಗಲದವರ ಮುಂದೆ ಸತ್ಯಕ್ಕೆ ಟಕ್ ಅನ್ನಬೇಕು, ಬೆಳಗಾವಿಯ ಆಚೆಯವರ ಮುಂದೆ ಬಾಯಿ ಹೊಲಿದುಕೊಂಡಿರಬೇಕು, ಅದಕ್ಕಾಗಿ ಬಂದವರ ತವರೂರನ್ನು ಕದ್ದು ಕೇಳಿಸಿಕೊಳ್ಳುವ ಅಭ್ಯಾಸ ಮಾಡಬೇಕು, ರಾಹುಕಾಲದಲ್ಲಿ ಉಬ್ಬಕೂಡದು, ಇವೆಲ್ಲ ಕಠಿಣವೆನಿಸಿದರೆ ಹಳಿಯಾಳಕ್ಕೆ ಹೋಗಿ, ತಮ್ಮ ಬಾಲವನ್ನು ಕೈಯಲ್ಲಿ ಹಿಡಿದು, ಗೋದುಬಾಯಿಯವರ ಅಂಗಳದಲ್ಲಿ ನಿಂತು ಕ್ಷಮೆ ಕೇಳಬೇಕು. ಬಿನ್ನಹ ಮುಗಿಸಿದ ಮೇಲೆ ತಮ್ಮ ಬಾಯಿಗೆ ಹತ್ತಿ ತುರುಕಿದೆ. ಹತ್ತಿ ಸುಟ್ಟು ಮನೆಯೆಲ್ಲ ಹೊಗೆಯಾಯಿತು, ಹೊಗೆಯೊಳಗಿಂದ ತಾವು ಟಕ್ ಎಂದಿರಿ.

ಕೊನೆಗೆ ದಾರಿ ಕಂಡವಳು ಶಿವವ್ವ. ಕಾಸಿಂಸಾಬರು ಹಳಿಯಾಳಕ್ಕೆ ಹೊರಟ ದಿನ ಆಕೆ ಬಾಗಿಲಿಗೆ ಬಂದು, "ಚಾಚಾ, ಆತ್ಯಾಗ ಇಷ್ಟ ಹೇಳ್ರಿ. ಒಂದ ಮಾತ ಕೇಳಿ ಎದ್ದ ಹೋದ್ರಿ, ಮಸೀನಿನ ಪೂರ್ತಿ ಸಾಕ್ಷಿ ಕೇಳಲಿಲ್ಲ. ಅರ್ಧಾ ಕೇಳಿ ಫೈಸಲಾ ಮಾಡೂದು ನಿಮ್ಮಂಥಾ ಹಿರ್ಯಾರಿಗೆ ಚಂದ ಕಾಣತೈತೇನು ಅಂತ" ಎಂದಳು. ನಾನು ನಾಲ್ಕು ಪುಟದಲ್ಲಿ ಮಾಡಲಾಗದ್ದನ್ನು ಈ ಮೂರು ಮಾತು ಮಾಡಿದವು. ಮರುವಾರವೇ ಗೋದುಬಾಯಿಯವರು ಸೋಮಪ್ಪನನ್ನು ಕರೆದುಕೊಂಡು, ದಿನವಿಡೀ ಕುಳಿತು ಕೇಳುವ ನಿರ್ಧಾರದಿಂದ ಎಲೆಯಡಿಕೆಯ ಚೀಲ ಸಮೇತ ಬಂದು ತಮ್ಮ ಎದುರಿಗೆ ಕುಳಿತರು.

ಅಂದು ಶಿವವ್ವ ಮಣೆಯ ಮೇಲೆ ನಿಂತು ಬೇಯಿಸುತ್ತಿದ್ದಳು. ನಾನಕಟಾಯಿ ಬೆಂದಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಭಟ್ಟಿಯ ಬಾಗಿಲು ತೆಗೆಯುವಳು, ನೋಡುವಳು, ಮುಚ್ಚುವಳು. ತೆಗೆದಾಗ ತಂಪು ನುಗ್ಗಿ ತಾವು ಟಕ್, ಮುಚ್ಚಿದ ಸ್ವಲ್ಪ ಹೊತ್ತಿಗೆ ಕಾವು ಏರಿ ಮತ್ತೆ ಟಕ್. ಬಾಗಿಲನ್ನು ಹಾಗೆ ತೆಗೆದರೆ ನಾನಕಟಾಯಿ ಕೆಡುತ್ತದೆಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬಾಯಿ ತೆರೆಯಹೋದೆ. ಸಕ್ಕುಬಾಯಿ ನನ್ನ ಕಾಲನ್ನು ತುಳಿದಳು. ಜನ್ಮದಲ್ಲಿ ಮೊದಲ ಸಲ ಆಕೆಯ ಮಾತನ್ನು ಕೇಳಿದೆ.

ಗೋದುಬಾಯಿಯವರು ಮೊದಲ ತಾಸು ಪ್ರತಿ ಸದ್ದಿಗೂ ಬೆಚ್ಚುತ್ತಿದ್ದರು. ಆದರೆ ಎಷ್ಟೆಂದು ಬೆಚ್ಚುವುದು? ಚಹ ಕುಡಿದು, "ಚಾ ಚಲೋ ಆಗೇತಿ" ಎಂದರು, ಟಕ್. "ಆದ್ರ ಸಕ್ಕರಿ ಜಾಸ್ತಿ ಆಗೇತಿ", ಟಕ್. "ಮಣಕಾಲ ಭಾಳ ನೋಯ್ತಾವಪ್ಪಾ", ಟಕ್. ತಮ್ಮನ್ನು ಒರೆಗೆ ಹಚ್ಚಲೆಂದು ಅವರು ತಮ್ಮ ಸ್ವಂತ ನಾದಿನಿಯೊಡನೆ ಒಂದು ತಾಮ್ರದ ಹಂಡೆಯ ಸಲುವಾಗಿ ಹನ್ನೊಂದು ವರ್ಷದಿಂದ ನಡೆದಿರುವ ಜಗಳವನ್ನು ಮೊದಲಿಂದ ತೆಗೆದರು. ಹಂಡೆ ಯಾರ ಲಗ್ನದಲ್ಲಿ ಬಂತು, ಯಾರು ಒಯ್ದರು, ಆಕೆ ಏನೆಂದಳು, ಇವರೇನೆಂದರು. ಎಲ್ಲೆಲ್ಲಿ ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡರೋ ಅಲ್ಲಲ್ಲಿ ಶಿವವ್ವನ ಕೈ ಬಾಗಿಲಿನ ಮೇಲೆ ಹೋಯಿತು, ತಾವು ಟಕ್ ಎಂದಿರಿ. ಸಂಜೆಯ ಬಸ್ಸಿನ ಹೊತ್ತಾದಾಗ ಸೋಮಪ್ಪ ಅಂಜುತ್ತ, "ಆತ್ಯಾ, ಎಷ್ಟ ಸಲಾ ಚುಕಚುಕಿಸ್ತು?" ಎಂದು ಕೇಳಿದ. ಗೋದುಬಾಯಿಯವರು ಅವನನ್ನು ಗದರಿಸಿದರು: "ಪಾಲ ಅಲ್ಲೋ ಇದು, ಖೋಡಿ! ಹೂಂ ಅನ್ನಾಕತ್ತೈತಿ. ಕತಿ ಹೇಳಾಕಿಗೆ ಹೂಂ ಅನ್ನಾವರು ಬೇಕಲ್ಲ, ಹಂಗ. ನೀ ಗಿರಣಿಗೆ ಬಂದಾಗಿಂದ ನನಗ ಹೂಂ ಅನ್ನಾವರು ಯಾರದಾರ? ಮನ್ಯಾಗ ಎಮ್ಮಿ ಐತಿ. ನಾ ಬಾಯಿ ತಗದ್ರ ಅದು ಮಾರಿ ತಿರುವಿ ನಿಂದರತೈತಿ."

ಹೀಗೆಂದು ಕಪ್ಪಾಗಿದ್ದ ಒಂದು ನಾನಕಟಾಯಿಯನ್ನು ಎತ್ತಿ, ಪೂರ್ತಿ ತಿಂದು, ಶಿವವ್ವನ ಗದ್ದ ಹಿಡಿದು ನೋಡಿ, "ಹುಡುಗಿ ಶಾಣ್ಯಾಕಿ ಅದಾಳ. ನಾನಕಟಾಯಿ ಮಾತ್ರ ಸುಟ್ಟ ಕರಕ ಮಾಡ್ಯಾಳ. ಇರಲಿ, ಕಲೀತಾಳ" ಎಂದರು. ಆಕೆಯ ಕೈ ಬಾಗಿಲಿನ ಮೇಲೆ ಹೋದದ್ದನ್ನು ಅವರು ನೋಡಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು, ಕೇಳುವ ಧೈರ್ಯವಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಬೀಗರ, ಹುಡುಗಿನ್ನ ಕೊಡ್ರಿ. ಇದನ್ನೂ ಕೊಡ್ರಿ. ಹುಡುಗಿ ಸೋಮ್ಯಾನ ಕಡೆ ದಾಂಡೇಲ್ಯಾಗ ಇರಲಿ, ಇದು ನನ್ನ ಕಡೆ ಹಳ್ಯಾಳದಾಗ ಇರಲಿ. ಬ್ಯಾರೆ ಏನೂ ಬ್ಯಾಡ" ಎಂದರು. ಬೆಳ್ಳಿ ಕೇಳಿದ್ದರೆ ಕೊಡುತ್ತಿದ್ದೆ, ಸೈಕಲ್ಲು ಕೇಳಿದ್ದರೆ ನನ್ನದನ್ನೇ ಒರೆಸಿ ಕೊಡುತ್ತಿದ್ದೆ. ತಮ್ಮನ್ನು ಕೇಳಿದರು. ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಶಿವವ್ವನೊಬ್ಬಳನ್ನು ಬಿಟ್ಟು. ಆಕೆ ತಲೆ ತಗ್ಗಿಸಿ, ಭಟ್ಟಿಯ ಬಾಗಿಲಿಂದ ಕೈ ತೆಗೆದು, ಮಣೆಯಿಂದ ಇಳಿದು ನಿಂತಿದ್ದಳು. ಆಗ, ಯಾರ ರುಜುವಿನ ಸಹಾಯವೂ ಇಲ್ಲದೆ ನಾನೇ, "ಹೂಂ" ಎಂದೆ.

ಹೀಗಾಗಿ, ಮಾನ್ಯರೇ, ನನ್ನ ದೂರು ಏನೆಂದರೆ, ದೂರು ಕೊಡಲು ಇನ್ನು ತಾವೇ ಇರುವುದಿಲ್ಲ. ಬರುವ ಸೋಮವಾರ ಅಕ್ಷತೆ. ಅದರ ಮರುದಿನ ತಮ್ಮನ್ನು ಬಿಚ್ಚಿ, ಬಾಲವನ್ನು ಮಡಚದೆ ಸುತ್ತಿ, ನನ್ನ ಹಳೆಯ ಖಾಕಿ ಅಂಗಿಯಲ್ಲಿ ಕಟ್ಟಿ ಹಳಿಯಾಳದ ಬಸ್ಸಿಗೆ ಏರಿಸುತ್ತೇನೆ. ಮಗಳನ್ನು ಮೂರು ಓಣಿಯ ಆಚೆಗೆ ಕಳಿಸಿ, ಒಂದು ತಿರುಗುಗುಂಡಿಯನ್ನು ಊರ ಹೊರಗೆ ಕಳಿಸುವ ತಂದೆ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಭಟ್ಟಿಯ ಹಣೆಯ ಮೇಲೆ ತಾವಿದ್ದ ತೂತು ಹಾಗೇ ಉಳಿಯುತ್ತದೆ. ಅದರ ಮುಂದೆ ನಾನೇ ಕುಳಿತು, ಒಳಗೆ ಇಣುಕಿ, ಕಾವು ಏರಿತೆನಿಸಿದಾಗ ಸ್ವಿಚ್ಚು ತೆಗೆದು, ಇಳಿಯಿತೆನಿಸಿದಾಗ ಹಾಕಬೇಕು. ಸಕ್ಕುಬಾಯಿ ಈಗಾಗಲೇ, "ಇನ್ನ ಮ್ಯಾಲ ಟಕ್ ಅನ್ನಾಕೂ ನೀವ ಕೂಡ್ರಿ" ಎಂದಿದ್ದಾಳೆ. ತಾವು ಮುರಿದದ್ದನ್ನು ತಾವೇ ಕೂಡಿಸಿದ್ದೀರೆಂದು ಕಾಲೋನಿಯ ಮಂದಿ ಹಾಡಿ ಹೊಗಳುತ್ತಿದ್ದಾರೆ. ಕೂಡಿಸಿದವಳು ಯಾರೆಂದು ನನಗೆ ಗೊತ್ತು, ತಮಗೂ ಗೊತ್ತು; ಆದರೂ ಕೀರ್ತಿ ತಮ್ಮದೇ ಇರಲಿ, ಅಧಿಕಾರಿಗಳಿಗೆ ಅದು ಸಲ್ಲುವ ಪದ್ಧತಿ.

ಹೋದಲ್ಲಿ ಹುಷಾರಾಗಿರಿ. ಎಮ್ಮೆಯ ಹತ್ತಿರ ಬಾಲ ಚಾಚಬೇಡಿ.

ಬೆರಳು ಸುಟ್ಟರೂ, ಟ್ರಂಕು ತೂತಾದರೂ, ಏಣಿ ಮರಳಿ ಬರದಿದ್ದರೂ
ತಮ್ಮ ವಿಶ್ವಾಸಿಯೇ ಆಗಿ ಉಳಿದ,
ಪರಸಪ್ಪ

ತಾ. ಕ.: ಒಂದು ಸಂಗತಿ ಬರೆಯಲು ಮರೆತಿದ್ದೆ. ಗೋದುಬಾಯಿಯವರ ಓಣಿಗೆ ಕಂಬ ಬಂದಿದೆ, ತಂತಿ ಇನ್ನೂ ಬಂದಿಲ್ಲ. ಗಾಬರಿಯಾಗಬೇಡಿರಿ. ತಾವು ಸದ್ದು ಮಾಡಲು ಬರಿಯ ಬಿಸಿ ಸಾಕೆಂದೂ, ಕಟ್ಟಿಗೆಯ ಒಲೆಯ ಪಕ್ಕದಲ್ಲಿಟ್ಟು ಆಗಾಗ ಹತ್ತಿರ ದೂರ ಸರಿಸಿದರೆ ತಪ್ಪದೆ ಹೂಂ ಅನ್ನುತ್ತೀರೆಂದೂ ನಾನೇ ಅವರಿಗೆ ಕಲಿಸಿಕೊಟ್ಟಿದ್ದೇನೆ. ಅವರು ಕೋಳಿ ಕೂಗುವ ಮೊದಲೇ ಎದ್ದು ಮಾತು ಶುರುಮಾಡುತ್ತಾರಂತೆ. ಹಂಡೆಯ ಜಗಳ ಮೊದಲ ಅಧ್ಯಾಯವಷ್ಟೇ, ಇನ್ನೂ ಹದಿನೇಳಿವೆ ಎಂದು ಸೋಮಪ್ಪ ಹೇಳಿದ. ಅಲ್ಲಿ ಕರೆಂಟೇ ಇಲ್ಲದ್ದರಿಂದ, ಕರೆಂಟು ಹೋಯಿತೆಂದು ನೆಪ ಹೇಳಿ ಒಂದು ಗಳಿಗೆ ಸುಮ್ಮನಿರುವ ಅನುಕೂಲವೂ ತಮಗೆ ಇರುವುದಿಲ್ಲ.